"ಹೆಣ್ಣಾಗಿ ಹುಟ್ಟಿ ಹಿಂಗ ಮಾಡ್ಯಾಳಲ್ಲ": ಸಾಕ್ಷ್ಯಚಿತ್ರಗಳಲ್ಲಿ ಸರಣಿ ಹಂತಕಿಯರು

ಪ್ರಶ್ನೆ: ನಾನು ವಿಜಯಪುರದ ಪದವಿ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುತ್ತೇನೆ. ರಾತ್ರಿ ಊಟವಾದ ಮೇಲೆ ನಾನೂ ನಮ್ಮ ಅತ್ತೆಯವರೂ ಕೂಡಿ ಓಟಿಟಿಯಲ್ಲಿ ಅಪರಾಧದ ಸಾಕ್ಷ್ಯಚಿತ್ರಗಳನ್ನು ನೋಡುವ ರೂಢಿ ಇದೆ. ಗಂಡಸು ಹತ್ತು ಕೊಲೆ ಮಾಡಿದ ಕಥೆಯನ್ನು ಅತ್ತೆಯವರು ಸುಮ್ಮನೆ ನೋಡುತ್ತಾರೆ. ಹೆಣ್ಣು ಮಾಡಿದ ಕೊಲೆಯಾದರೆ ಮಾತ್ರ "ಹೆಣ್ಣಾಗಿ ಹುಟ್ಟಿ ಹಿಂಗ ಮಾಡ್ಯಾಳಲ್ಲ" ಎಂದು ಮತ್ತೆ ಮತ್ತೆ ಹೇಳುತ್ತಾರೆ. ಚಿತ್ರದ ನಿರೂಪಕರು ಹೇಳುವುದೂ ಹೆಚ್ಚುಕಡಿಮೆ ಅದನ್ನೇ ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ. ಸರಣಿ ಹಂತಕಿಯರನ್ನು ಈ ಚಿತ್ರಗಳು ತೋರಿಸುವ ಬಗೆ ಎಷ್ಟರಮಟ್ಟಿಗೆ ನಿಜ? ಒಂದು ಪ್ರಕರಣವನ್ನು ತರಗತಿಯಲ್ಲಿ ಚರ್ಚೆಗೆ ತರಬೇಕೆಂದಿದ್ದೇನೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ನಿಮ್ಮ ಅತ್ತೆಯವರ ಆ ಒಂದು ಮಾತಿನಿಂದಲೇ ಆರಂಭಿಸುತ್ತೇನೆ. ಬೆಳಗಾವಿಯ ನ್ಯಾಯಾಲಯಗಳಲ್ಲಿ ಮೂವತ್ತು ವರ್ಷ ಕ್ರಿಮಿನಲ್ ವಕೀಲಿ ಮಾಡಿರುವ ನಾನು ಆ ಮಾತನ್ನು ಠಾಣೆಯಲ್ಲಿ, ಕೋರ್ಟಿನ ಪಡಸಾಲೆಯಲ್ಲಿ, ಒಮ್ಮೊಮ್ಮೆ ಆರೋಪಿಯ ತವರಿನವರ ಬಾಯಲ್ಲಿಯೂ ಕೇಳಿದ್ದೇನೆ. ಅದನ್ನು ಅತ್ತೆಯವರ ತಪ್ಪೆಂದು ನಾನು ತಿಳಿಯುವುದಿಲ್ಲ. ತಾಯಿಯಾಗಿ, ಸೊಸೆಯಾಗಿ, ಹೆಂಡತಿಯಾಗಿ ಹೀಗೆಯೇ ಇರಬೇಕು ಎಂಬ ಅಳತೆಗೋಲನ್ನು ಬದುಕಿಡೀ ಹೊತ್ತವರು ಇನ್ನೊಬ್ಬ ಹೆಣ್ಣನ್ನೂ ಅದರಲ್ಲಿಯೇ ಅಳೆಯುವುದು ಸಹಜ. ಆದರೆ ಆ ವಾಕ್ಯದೊಳಗೆ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಇವಳು ಕೊಂದಳೇ ಎಂಬುದು ಒಂದು. ಇವಳು ಹೆಣ್ಣಿನಂತೆ ನಡೆದುಕೊಂಡಳೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಾಕ್ಷ್ಯ ಬೇಕು. ಎರಡನೆಯದಕ್ಕೆ ಮದುವೆಯ ಆಲ್ಬಮ್ಮಿನ ನಾಲ್ಕು ಫೋಟೋ, ಇಬ್ಬರು ನೆರೆಹೊರೆಯವರು ಮತ್ತು ಹಿನ್ನೆಲೆ ಸಂಗೀತ ಇದ್ದರೆ ಸಾಕು. ನಾನು ನೋಡಿರುವ ಸಾಕ್ಷ್ಯಚಿತ್ರಗಳಲ್ಲಿ ಹೆಚ್ಚಿನವು ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟು, ಮೊದಲನೆಯದಕ್ಕೂ ಉತ್ತರ ಸಿಕ್ಕಿತೆಂಬ ಭಾವನೆಯನ್ನು ನೋಡುಗರಲ್ಲಿ ಹುಟ್ಟಿಸುತ್ತವೆ. ನನ್ನ ಮುಖ್ಯ ಆಕ್ಷೇಪ ಇದೇ.

ನಿಮ್ಮ ಊರಿನಲ್ಲಿಯೇ ಇದಕ್ಕೊಂದು ಹೋಲಿಕೆ ಇದೆ. ವಿಜಯಪುರದ ಸಾಠ್ ಕಬರ್ ನೀವು ನೋಡಿರುತ್ತೀರಿ. ಸಾಲಾಗಿ ಮಲಗಿಸಿದಂತಿರುವ ಆ ಸಮಾಧಿಗಳ ಬಗ್ಗೆ ಹೇಳುವ ಐತಿಹ್ಯವನ್ನೂ ಕೇಳಿರುತ್ತೀರಿ. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫ್ಜಲ್ ಖಾನನಿಗೆ ತಾನು ಹಿಂತಿರುಗುವುದಿಲ್ಲವೆಂದು ಜ್ಯೋತಿಷಿಗಳು ಹೇಳಿದರಂತೆ. ತಾನು ಸತ್ತ ಮೇಲೆ ತನ್ನ ಹೆಂಡಂದಿರು ಪರರ ಪಾಲಾಗಬಾರದೆಂದು ಅರವತ್ತಕ್ಕೂ ಹೆಚ್ಚು ಮಂದಿಯನ್ನು ಅವನೇ ಕೊಂದನಂತೆ. ಇದು ಐತಿಹ್ಯ, ನ್ಯಾಯಾಲಯದ ದಾಖಲೆಯಲ್ಲ. ಆದರೆ ನಾವು ಅದನ್ನು ಹೇಳುವ ರೀತಿಯನ್ನು ಗಮನಿಸಿ. ಅದರಲ್ಲಿ ದಂಡನಾಯಕನ ವಿಧಿ ಇದೆ, ಭವಿಷ್ಯವಾಣಿ ಇದೆ, ಯುದ್ಧದ ದುರಂತ ಇದೆ. "ಗಂಡನಾಗಿ ಹಿಂಗ ಮಾಡ್ಯಾನಲ್ಲ" ಎಂದು ಆ ಕಲ್ಲುಗಳ ನಡುವೆ ನಿಂತು ಹೇಳಿದವರನ್ನು ನಾನಂತೂ ಕಂಡಿಲ್ಲ. ಗಂಡಸಿನ ಹಿಂಸೆಗೆ ಕಥೆಯಲ್ಲಿ ಕಾರಣ ಸಿಗುತ್ತದೆ. ಹೆಣ್ಣಿನ ಹಿಂಸೆಗೆ ಅವಳ ಹೆಣ್ತನದಲ್ಲಿಯೇ ಏನೋ ಕೆಟ್ಟಿರಬೇಕೆಂಬ ಗುಮಾನಿ ಸಿಗುತ್ತದೆ. ಇಂದಿನ ಸಾಕ್ಷ್ಯಚಿತ್ರಗಳಿಗೆ ಕ್ಯಾಮೆರಾ ಹೊಸದು, ಈ ಕಥನದ ಕ್ರಮ ಹೊಸದಲ್ಲ.

ಈಗ ನಿಜವೆಷ್ಟು ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಸರಣಿ ಹಂತಕರಲ್ಲಿ ಹೆಂಗಸರ ಪ್ರಮಾಣ ಕಡಿಮೆ. ಅಮೆರಿಕದ ಅಧ್ಯಯನಗಳು ಸಾಮಾನ್ಯವಾಗಿ ಆರರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಕಡಿಮೆ ಎನ್ನುತ್ತವೆ. ಮನೋವಿಜ್ಞಾನಿ ಮರಿಸ್ಸಾ ಹ್ಯಾರಿಸನ್ ಮತ್ತು ಸಂಗಡಿಗರು 1821ರಿಂದ 2008ರವರೆಗಿನ 64 ಅಮೆರಿಕನ್ ಹಂತಕಿಯರ ವಿವರಗಳನ್ನು ಕಲೆಹಾಕಿ 2015ರಲ್ಲಿ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಕೊಂದದ್ದು ಪರಿಚಿತರನ್ನು. ಬಹುಸಾಮಾನ್ಯ ಸಾಧನ ವಿಷ. ಬಹುಸಾಮಾನ್ಯ ಉದ್ದೇಶ ಹಣ. ಸುಮಾರು 39 ಪ್ರತಿಶತ ಮಂದಿ ನರ್ಸಿಂಗ್ ಮೊದಲಾದ ಆರೋಗ್ಯಸೇವೆಯ ಕೆಲಸದಲ್ಲಿದ್ದವರು. ಹಾಗಾಗಿ ಸಾಕ್ಷ್ಯಚಿತ್ರವೊಂದು ಅಡುಗೆಮನೆಯನ್ನೋ ಆಸ್ಪತ್ರೆಯ ವಾರ್ಡನ್ನೋ ತೋರಿಸಿದರೆ ಅದು ಸುಳ್ಳಲ್ಲ. ಕೊಲೆ ನಡೆದದ್ದು ಅಲ್ಲಿಯೇ. ತಪ್ಪು ಇರುವುದು ಅಡುಗೆಮನೆಯನ್ನೇ ಅಪರಾಧಿಯಂತೆ ತೋರಿಸುವುದರಲ್ಲಿ. ಬಳೆಯ ಸದ್ದು, ಉಕ್ಕಿ ಚೆಲ್ಲುವ ಹಾಲು, ಸೌಟು ತಿರುವುವ ಕೈ, ಮಸುಕಾದ ಕುಂಕುಮ ಇವು ಮರುಸೃಷ್ಟಿಯ ದೃಶ್ಯಗಳಲ್ಲಿ ಎಷ್ಟು ಸಲ ಬರುತ್ತವೆಂದರೆ, ಕೊನೆಗೆ ನೋಡುಗರಿಗೆ ಅನುಮಾನ ಹುಟ್ಟುವುದು ಆ ಒಬ್ಬಳ ಮೇಲಲ್ಲ, ಮನೆಯಲ್ಲಿ ಉಣಬಡಿಸುವ ಹೆಣ್ಣಿನ ಮೇಲೆ.

ಪೂತನಿಯ ಕಥೆ ಕೇಳಿ ಬೆಳೆದ ನಮಗೆ ಈ ಅಚ್ಚು ಪರಿಚಿತ. ಹಾಲೂಡಿಸುವವಳೇ ವಿಷವೂಡಿಸುವವಳು. ಇದರ ಪಕ್ಕದಲ್ಲಿ ಇನ್ನೊಂದು ಅಚ್ಚಿದೆ: ಬಾಲ್ಯದಲ್ಲಿ ನೊಂದವಳು, ಗಂಡನಿಂದ ಬಳಲಿದವಳು, ಪಾಪದವಳು. ಮೊದಲನೆಯದರಲ್ಲಿ ಅವಳು ಮನುಷ್ಯಳೇ ಅಲ್ಲ; ಎರಡನೆಯದರಲ್ಲಿ ಅವಳು ಸ್ವಂತ ನಿರ್ಧಾರ ಮಾಡುವ ಮನುಷ್ಯಳಲ್ಲ. ಲೆಕ್ಕ ಹಾಕಿ, ದಿನ ನೋಡಿ, ಲಾಭಕ್ಕಾಗಿ ಕೊಂದ ಹೆಣ್ಣು ಎಂಬ ಸರಳ ಸಾಧ್ಯತೆಗೆ, ಅಂದರೆ ಗಂಡಸಿನ ವಿಷಯದಲ್ಲಿ ನಾವು ತಟ್ಟನೆ ಒಪ್ಪಿಕೊಳ್ಳುವ ಸಾಧ್ಯತೆಗೆ, ಈ ಎರಡರಲ್ಲಿಯೂ ಜಾಗವಿಲ್ಲ.

ಕೇರಳದ ಕೂಡತ್ತಾಯಿ ಪ್ರಕರಣವನ್ನು ನೀವಿಬ್ಬರೂ ನೋಡಿರಬಹುದು. 2002ರಿಂದ 2016ರವರೆಗೆ ಒಂದೇ ಬಂಧುವರ್ಗದಲ್ಲಿ ಆರು ಸಾವುಗಳು ಸಂಭವಿಸಿದವು. 2019ರ ಅಕ್ಟೋಬರಿನಲ್ಲಿ ಸೊಸೆ ಜಾಲಿ ಜೋಸೆಫ್ ಬಂಧನವಾಯಿತು. ಅದರ ಬಗ್ಗೆ ನೆಟ್‌ಫ್ಲಿಕ್ಸ್ 2023ರ ಡಿಸೆಂಬರಿನಲ್ಲಿ 'ಕರಿ ಆ್ಯಂಡ್ ಸಯನೈಡ್' ಎಂಬ ಸಾಕ್ಷ್ಯಚಿತ್ರವನ್ನು ಬಿಡುಗಡೆ ಮಾಡಿತು. ಹೆಸರಿನಲ್ಲಿಯೇ ಸಾರಿನ ಪಾತ್ರೆ ಬಂದು ಕುಳಿತಿರುವುದನ್ನು ಗಮನಿಸಿ. ಆ ಚಿತ್ರಕ್ಕೆ ಸಲ್ಲಬೇಕಾದ ಮನ್ನಣೆಯೂ ಇದೆ: ಅನುಮಾನಪಟ್ಟು ಬೆನ್ನುಬಿಡದೆ ಓಡಾಡಿದ ನಾದಿನಿಯ ಮಾತನ್ನೂ ಮಗನ ನೋವನ್ನೂ ಅದು ಗೌರವದಿಂದ ಕೇಳಿಸುತ್ತದೆ. ಆದರೆ ಚಿತ್ರ ಬಿಡುಗಡೆಯಾದಾಗ ವಿಚಾರಣೆ ಮುಗಿದಿರಲಿಲ್ಲ. ಹೂತಿದ್ದ ನಾಲ್ವರ ಅವಶೇಷಗಳಲ್ಲಿ ಸಯನೈಡ್ ಪತ್ತೆಯಾಗಲಿಲ್ಲವೆಂಬ ಪ್ರಯೋಗಾಲಯದ ವರದಿ ಅದೇ ವರ್ಷದ ಆರಂಭದಲ್ಲಿ ಬಂದಿತ್ತು. ವರ್ಷಗಟ್ಟಲೆ ಮಣ್ಣಿನಲ್ಲಿದ್ದ ದೇಹದಲ್ಲಿ ವಿಷ ಸಿಗಲಿಲ್ಲವೆಂದ ಮಾತ್ರಕ್ಕೆ ವಿಷ ಕೊಟ್ಟಿರಲಿಲ್ಲ ಎಂದು ಸಾಬೀತಾಗುವುದಿಲ್ಲ, ನಿಜ. ಆದರೆ ಅದು ನ್ಯಾಯಾಲಯ ತೂಗಬೇಕಾದ ಸಂಗತಿ. ಆ ತೂಕ ನಡೆಯುವ ಮೊದಲೇ ನಮ್ಮ ನಿಮ್ಮ ಮನೆಗಳಲ್ಲಿ ತೀರ್ಪು ಬಂದಾಗಿತ್ತು.

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆಯೇ ಒಂದು ಸಂಗತಿ. ಆರು ಸಾವುಗಳಲ್ಲಿ ಮರಣೋತ್ತರ ಪರೀಕ್ಷೆ ನಡೆದದ್ದು ಒಂದಕ್ಕೆ ಮಾತ್ರ, 2011ರಲ್ಲಿ ಸತ್ತ ಅವಳ ಮೊದಲ ಗಂಡನಿಗೆ. ದೇಹದಲ್ಲಿ ಸಯನೈಡ್ ಸಿಕ್ಕಿತು. ಆದರೂ ಅದು ಆತ್ಮಹತ್ಯೆ ಎಂದು ಕಡತ ಮುಚ್ಚಿಹೋಯಿತು. ಉಳಿದವರನ್ನು ಪರೀಕ್ಷೆಯೇ ಇಲ್ಲದೆ ಹೂಳಲಾಯಿತು. ಹೆಣ್ಣು ಹೀಗೆ ಮಾಡಲಾರಳು ಎಂಬ ನಂಬಿಕೆ, ಮನೆಯ ಸಾವಿಗೆ ಪೊಲೀಸರೇಕೆ ಎಂಬ ಸಂಕೋಚ, ಹೆಣವನ್ನು ಕೊಯ್ಯಿಸುವುದು ಬೇಡವೆಂಬ ಕರುಣೆ, ಇವು ಮೂರೂ ಸೇರಿ ಹಲವು ವರ್ಷಗಳ ಕಾಲ ಅನುಮಾನಕ್ಕೆ ಬಾಗಿಲು ತೆರೆಯಲಿಲ್ಲ. ಬಂಧನದ ಮರುದಿನ ಅದೇ ನಂಬಿಕೆ ತಿರುವುಮುರುವಾಗಿ "ಹೆಣ್ಣಾಗಿ ಹೀಗೆ ಮಾಡಿದಳಲ್ಲ" ಎಂಬ ಉದ್ಗಾರವಾಯಿತು. ಎರಡರ ಬೇರೂ ಒಂದೇ. ಬೆಳಗಾವಿ, ಬಾಗಲಕೋಟೆ ಸೀಮೆಯ ಹಳ್ಳಿಗಳಲ್ಲಿ ಸಂಶಯಾಸ್ಪದ ಸಾವಾದಾಗ ಬಂಧುಗಳು ಪಂಚನಾಮೆಗೆ ಎಷ್ಟು ಹಿಂಜರಿಯುತ್ತಾರೆಂಬುದನ್ನು ಕಣ್ಣಾರೆ ಕಂಡವನಾಗಿ ಹೇಳುತ್ತೇನೆ: ಈ ಹಿಂಜರಿಕೆಯ ಮೇಲೆ ಒಂದು ಗಂಟೆಯ ಸಾಕ್ಷ್ಯಚಿತ್ರ ಮಾಡಿದರೆ ಅದು ಜೀವ ಉಳಿಸಬಲ್ಲದು.

ನಮ್ಮ ರಾಜ್ಯದ ಕೆಂಪಮ್ಮನ ವಿಷಯವೂ ಹೀಗೆಯೇ. 'ಸಯನೈಡ್ ಮಲ್ಲಿಕಾ' ಎಂಬ ಹೆಸರು ಅವಳ ತಾಯಿ ಇಟ್ಟದ್ದಲ್ಲ; ಸುದ್ದಿಗೆ ಬೇಕಾದ ಹೆಸರು. 1999ರಿಂದ 2007ರ ನಡುವೆ ಆರು ಹೆಂಗಸರನ್ನು ಕೊಂದ ಆರೋಪ ಹೊತ್ತಳು, 2010ರಲ್ಲಿ ಮರಣದಂಡನೆಯಾಯಿತು, ಮುಂದೆ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು. 2017ರಲ್ಲಿ ಅವಳನ್ನು ಬೆಂಗಳೂರಿನ ಪರಪ್ಪನ ಅಗ್ರಹಾರದಿಂದ ಇಲ್ಲಿನ ಹಿಂಡಲಗಾ ಕಾರಾಗೃಹಕ್ಕೆ ಸ್ಥಳಾಂತರಿಸಿದಾಗ, ಬಂದವಳು ಯಾವ ಸೀರೆ ಉಟ್ಟಿದ್ದಳು, ಯಾರ ಪಕ್ಕದ ಕೋಣೆಯಲ್ಲಿದ್ದಳು ಎಂಬುದರ ಮೇಲೆ ನಡೆದಷ್ಟು ಚರ್ಚೆ ಅವಳ ಕೈಯಲ್ಲಿ ಸತ್ತವರ ಮೇಲೆ ನಡೆದದ್ದು ನನಗೆ ನೆನಪಿಲ್ಲ. ಸತ್ತವರು ಯಾರು? ಗುಡಿಗೆ ಬಂದವರು. ಮಕ್ಕಳಾಗಲಿಲ್ಲವೆಂಬ ಕೊರಗು, ಮನೆಯ ಕಷ್ಟ, ದೇಹದ ನೋವು ಹೊತ್ತು ದೇವರ ಮುಂದೆ ಕುಳಿತಿದ್ದವರು. ಮಂಡಲ ಪೂಜೆ ಮಾಡಿದರೆ ಪರಿಹಾರವಾಗುತ್ತದೆ, ಮೈಮೇಲಿನ ಒಡವೆ ತೊಟ್ಟುಕೊಂಡೇ ಬನ್ನಿ ಎಂದು ಕರೆದು, ತೀರ್ಥದ ಹೆಸರಿನಲ್ಲಿ ವಿಷ ಕುಡಿಸಿದಳೆಂಬುದು ಪೊಲೀಸರು ಹೇಳಿದ ಕ್ರಮ. ಸವದತ್ತಿಯ ಗುಡ್ಡಕ್ಕೋ ಬಾದಾಮಿಯ ಬನಶಂಕರಿಗೋ ಹರಕೆ ಹೊತ್ತು ಒಬ್ಬಂಟಿಯಾಗಿ ಹೋಗುವ ಹೆಂಗಸರನ್ನು ನೆನೆಸಿಕೊಂಡರೆ ಈ ಕ್ರಮ ಏಕೆ ಅಷ್ಟು ಸಲೀಸಾಗಿ ಸಾಗಿತೆಂಬುದು ತಿಳಿಯುತ್ತದೆ. ತನ್ನ ದುಃಖವನ್ನು ಮನೆಯಲ್ಲಿ ಹೇಳಿಕೊಳ್ಳಲಾಗದವಳು ಅಪರಿಚಿತೆಯ ಮುಂದೆ ಹೇಳಿಕೊಂಡಳು. ಅಪರಾಧಶಾಸ್ತ್ರಕ್ಕೆ ಬೇಕಾದ ಪಾಠ ಅಲ್ಲಿದೆ. ಕ್ಯಾಮೆರಾ ಮಾತ್ರ ಕೆಂಪಮ್ಮನ ಕಣ್ಣನ್ನೇ ಹಿಗ್ಗಿಸಿ ಹಿಗ್ಗಿಸಿ ತೋರಿಸುತ್ತದೆ.

ಅವಳನ್ನು 'ಭಾರತದ ಮೊದಲ ಸರಣಿ ಹಂತಕಿ' ಎಂದು ಕರೆಯುವ ಚಾಳಿಯೊಂದಿದೆ. ಅದು ತಪ್ಪು. ಅವಳ ಬಂಧನಕ್ಕಿಂತ ಹನ್ನೊಂದು ವರ್ಷ ಮೊದಲೇ, 1996ರ ನವೆಂಬರಿನಲ್ಲಿ, ನಮ್ಮ ನೆರೆಯ ಕೊಲ್ಲಾಪುರದಲ್ಲಿ ಅಂಜನಾಬಾಯಿ ಗಾವಿತ್ ಹಾಗೂ ಅವಳ ಹೆಣ್ಣುಮಕ್ಕಳಾದ ರೇಣುಕಾ ಶಿಂಧೆ ಮತ್ತು ಸೀಮಾ ಗಾವಿತ್ ಸಿಕ್ಕಿಬಿದ್ದಿದ್ದರು. ಅಮೆರಿಕದಲ್ಲಿ ಐಲೀನ್ ವೋರ್ನೋಸಳನ್ನೂ 1991ರಲ್ಲಿ 'ಮೊದಲನೆಯವಳು' ಎಂದೇ ಸಾರಿದರು. ಅದೇ ದೇಶದಲ್ಲಿ ಜೇನ್ ಟೊಪ್ಪನ್ ಎಂಬ ನರ್ಸ್ 1901ರಲ್ಲಿಯೇ ಬಂಧಿತಳಾಗಿದ್ದಳು, ನಾನ್ನಿ ಡಾಸ್ 1954ರಲ್ಲಿ ನಾಲ್ವರು ಗಂಡಂದಿರನ್ನು ಕೊಂದುದಾಗಿ ಒಪ್ಪಿಕೊಂಡಿದ್ದಳು. ಪ್ರತಿ ಹಂತಕಿಯೂ 'ಮೊದಲನೆಯವಳು' ಆಗುವುದು ನಿರೂಪಣೆಗೆ ಅನುಕೂಲ. ಮೊದಲನೆಯವಳೆಂದರೆ ಅವಳು ವಿಚಿತ್ರ. ವಿಚಿತ್ರವೆಂದರೆ ಹಿಂದಿನ ಪ್ರಕರಣಗಳಿಂದ ಪೊಲೀಸರಾಗಲಿ ಸಮಾಜವಾಗಲಿ ಕಲಿಯಬೇಕಾದದ್ದು ಏನೂ ಉಳಿಯುವುದಿಲ್ಲ.

ಗಾವಿತ್ ಪ್ರಕರಣದ ಬಗ್ಗೆ ತುಸು ದೀರ್ಘವಾಗಿ ಬರೆಯಬೇಕಿದೆ, ಏಕೆಂದರೆ ಆ ಚಳಿಗಾಲದಲ್ಲಿ ಬೆಳಗಾವಿಯ ಬಸ್ ನಿಲ್ದಾಣದಲ್ಲಿ ತಾಯಂದಿರು ಮಕ್ಕಳ ರಟ್ಟೆ ಬಿಡದೆ ನಿಂತಿರುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಈ ತಾಯಿ ಮಕ್ಕಳು ಜನಜಂಗುಳಿಯಲ್ಲಿ ಸರ, ಪರ್ಸು ಕದಿಯುವವರು. ಕಂಕುಳಲ್ಲಿ ಮಗುವಿದ್ದರೆ ಜನ ಅನುಮಾನಿಸುವುದಿಲ್ಲ, ಸಿಕ್ಕಿಬಿದ್ದರೂ ಕನಿಕರಪಟ್ಟು ಬಿಡುತ್ತಾರೆ ಎಂಬುದು ಅವರ ಲೆಕ್ಕ. ಅದಕ್ಕಾಗಿ ಬಡವರ ಮಕ್ಕಳನ್ನು ಅಪಹರಿಸಿದರು, ಹೊರೆಯಾದಾಗ ಕೊಂದರು. ತಾಯ್ತನದ ಬಗ್ಗೆ ನಮಗಿರುವ ಭಾವುಕತೆಯನ್ನೇ ಅವರು ಬಂಡವಾಳ ಮಾಡಿಕೊಂಡಿದ್ದರು. ಅಷ್ಟು ತಣ್ಣಗಿನ ವ್ಯವಹಾರ ಅದು. ಆರೋಪ ಇದ್ದದ್ದು 13 ಮಕ್ಕಳ ಅಪಹರಣ, 9 ಮಕ್ಕಳ ಕೊಲೆ. 2006ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯನ್ನು ಎತ್ತಿಹಿಡಿದಾಗ ಅಂತಿಮವಾಗಿ ಉಳಿದದ್ದು 5 ಕೊಲೆ. ಜನಪ್ರಿಯ ಕಾರ್ಯಕ್ರಮಗಳಲ್ಲಿ ಈ ಸಂಖ್ಯೆ ನಲವತ್ತನ್ನೂ ದಾಟುತ್ತದೆ. ಐದು ಎಳೆಯ ಮಕ್ಕಳ ಕೊಲೆ ಕಡಿಮೆಯಾಯಿತೆಂದು ಸಂಖ್ಯೆ ಏರಿಸುವ ಮನಸ್ಸು ಎಂಥದೆಂದು ನನಗೆ ತಿಳಿಯುವುದಿಲ್ಲ.

ಈ ಗುಂಪಿನಲ್ಲಿ ನಾಲ್ಕನೆಯವನೊಬ್ಬ ಇದ್ದ: ರೇಣುಕಾಳ ಗಂಡ ಕಿರಣ್ ಶಿಂಧೆ. ಅವನು ಮಾಫಿ ಸಾಕ್ಷಿಯಾದ, ಪ್ರಾಸಿಕ್ಯೂಷನ್ನಿನ ಮುಖ್ಯ ಆಧಾರವೂ ಅವನ ಹೇಳಿಕೆಯೇ ಆಯಿತು, ಶಿಕ್ಷೆಯಿಂದ ಪಾರಾದ. ಕಾನೂನಿನಲ್ಲಿ ಇದಕ್ಕೆ ಅವಕಾಶವಿದೆ, ಅದು ಇಲ್ಲದಿದ್ದರೆ ಎಷ್ಟೋ ಪ್ರಕರಣಗಳು ಬಗೆಹರಿಯುತ್ತಲೇ ಇರಲಿಲ್ಲ. ಅದನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಈ ಪ್ರಕರಣವನ್ನು ಹೇಳುವ ನಿರೂಪಣೆಗಳಲ್ಲಿ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳ ಮುಖಗಳು ಪರದೆ ತುಂಬುತ್ತವೆ, ಅವನು ಒಂದೆರಡು ವಾಕ್ಯಗಳಲ್ಲಿ ಬಂದು ಹೋಗುತ್ತಾನೆ. 'ಹೆಂಗಸರೇ ನಡೆಸಿದ ಕೃತ್ಯ' ಎಂಬ ಶೀರ್ಷಿಕೆಗೆ ಅವನು ಅಡ್ಡಿ. ಮುಂದೆ 2014ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿ ತಿರಸ್ಕರಿಸಿದಾಗ, ಸ್ವತಂತ್ರ ಭಾರತದಲ್ಲಿ ಗಲ್ಲಿಗೇರುವ ಮೊದಲ ಹೆಂಗಸರು ಎಂಬ ಸುದ್ದಿ ಎಲ್ಲೆಡೆ ಹಬ್ಬಿತು. 2022ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಅರ್ಜಿಯ ವಿಲೇವಾರಿಯಲ್ಲಾದ ಏಳು ವರ್ಷ ಹತ್ತು ತಿಂಗಳಿಗೂ ಮಿಕ್ಕಿದ ವಿಳಂಬವನ್ನು ಕಾರಣವಾಗಿ ಕೊಟ್ಟು ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅವರು ಹೆಂಗಸರೆಂದು ಇಳಿಸಿದ್ದಲ್ಲ. ಈ ವ್ಯತ್ಯಾಸವನ್ನು ವಿವರಿಸಲು ಒಂದು ನಿಮಿಷ ಸಾಕು. ಆದರೂ ಅದನ್ನು ವಿವರಿಸಿದ ಕಾರ್ಯಕ್ರಮ ನನ್ನ ಕಣ್ಣಿಗೆ ಬಿದ್ದಿಲ್ಲ.

ಎಲ್ಲ ಸಾಕ್ಷ್ಯಚಿತ್ರಗಳೂ ಹೀಗೆಯೇ ಎಂದರೆ ಅನ್ಯಾಯವಾಗುತ್ತದೆ. 1989 ಮತ್ತು 1990ರಲ್ಲಿ ಫ್ಲಾರಿಡಾದಲ್ಲಿ ಏಳು ಗಂಡಸರನ್ನು ಗುಂಡಿಟ್ಟು ಕೊಂದ ಐಲೀನ್ ವೋರ್ನೋಸಳ ಮೇಲೆ ಬ್ರಿಟಿಷ್ ನಿರ್ದೇಶಕ ನಿಕ್ ಬ್ರೂಮ್‌ಫೀಲ್ಡ್ ಎರಡು ಚಿತ್ರಗಳನ್ನು ಮಾಡಿದರು. 1992ರ ಮೊದಲನೆಯದರಲ್ಲಿ ಅವರು ಕ್ಯಾಮೆರಾವನ್ನು ಅವಳ ಸುತ್ತಲಿನವರ ಕಡೆಗೆ ತಿರುಗಿಸಿದರು: ಸಂದರ್ಶನಕ್ಕೆ ಹಣ ಕೇಳುವ ವಕೀಲ, ಅವಳನ್ನು ದತ್ತು ತೆಗೆದುಕೊಂಡು ತಾನೂ ಹಣ ಕೇಳುವ ಸಾಕುತಾಯಿ, ಅವಳ ಕಥೆಯನ್ನು ಸಿನಿಮಾದವರಿಗೆ ಮಾರುವ ಮಾತುಕತೆ ನಡೆಸಿದ ಆಪಾದನೆಗೆ ಗುರಿಯಾದ ಪೊಲೀಸ್ ಅಧಿಕಾರಿಗಳು. ಹಂತಕಿಯ ಕಥೆ ಒಂದು ಸರಕಾಗುವುದು ಹೇಗೆಂಬುದನ್ನು ಅಷ್ಟು ನೇರವಾಗಿ ತೋರಿಸಿದ ಚಿತ್ರ ನನಗೆ ಬೇರೆ ತಿಳಿದಿಲ್ಲ. ಮೊದಲು ಸತ್ತ ವ್ಯಕ್ತಿ ಹಿಂದೆ ಲೈಂಗಿಕ ಹಲ್ಲೆಯ ಪ್ರಕರಣವೊಂದರಲ್ಲಿ ಶಿಕ್ಷೆಗೊಳಗಾಗಿದ್ದನೆಂಬ ಸಂಗತಿ ಅವಳ ವಿಚಾರಣೆಯಲ್ಲಿ ಜ್ಯೂರಿಯ ಕಿವಿಗೆ ಬೀಳಲೇ ಇಲ್ಲ. ಅದನ್ನು ಹೊರತೆಗೆದದ್ದು ಮುಂದೆ ಒಂದು ಟಿವಿ ವರದಿ. 2002ರ ಅಕ್ಟೋಬರ್ 9ರಂದು ಅವಳಿಗೆ ಮರಣದಂಡನೆ ಜಾರಿಯಾಯಿತು. ಅವಳು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಪತ್ರಿಕೋದ್ಯಮ ಕಲಿಸುವ ನೀವು ಗಮನಿಸಬೇಕಾದದ್ದು, ಅದೇ ಕ್ಯಾಮೆರಾ ತೀರ್ಪನ್ನು ಕೊಡಲೂಬಲ್ಲದು, ಬಿಟ್ಟುಹೋದ ಸಾಕ್ಷ್ಯವನ್ನು ಹುಡುಕಲೂಬಲ್ಲದು ಎಂಬುದು.

ಇನ್ನು ಈ ಚರ್ಚೆಯಲ್ಲಿ ನನ್ನ ಮನಸ್ಸಿಗೆ ಅತ್ಯಂತ ಭಾರವಾದ ಭಾಗ. ಆಸ್ಟ್ರೇಲಿಯದ ಕ್ಯಾಥ್ಲೀನ್ ಫೋಲ್ಬಿಗ್ ಎಂಬ ತಾಯಿಯ ನಾಲ್ಕು ಮಕ್ಕಳು 1989ರಿಂದ 1999ರ ನಡುವೆ ಒಂದರ ಹಿಂದೊಂದು ತೀರಿಕೊಂಡವು. ಉಸಿರುಗಟ್ಟಿಸಿದ್ದಕ್ಕೆ ನೇರವಾದ ವೈದ್ಯಕೀಯ ಪುರಾವೆ ಯಾವ ಮಗುವಿನ ದೇಹದಲ್ಲಿಯೂ ಇರಲಿಲ್ಲ. ಇದ್ದದ್ದು ಅವಳ ಡೈರಿ. ಬಸವಳಿದ ತಾಯಿಯೊಬ್ಬಳು ತನ್ನನ್ನು ತಾನೇ ಹಳಿದುಕೊಂಡ ಸಾಲುಗಳನ್ನು ಪ್ರಾಸಿಕ್ಯೂಷನ್ ತಪ್ಪೊಪ್ಪಿಗೆಯೆಂದು ಓದಿತು. ಪತ್ರಿಕೆಗಳು ಹಾಗೆಯೇ ಅಚ್ಚು ಹಾಕಿದವು. 2003ರಲ್ಲಿ ಅವಳಿಗೆ 40 ವರ್ಷ ಶಿಕ್ಷೆಯಾಯಿತು, ಬಳಿಕ ಅದು 30ಕ್ಕೆ ಇಳಿಯಿತು. ದೇಶದ ಅತಿ ಕ್ರೂರ ಹಂತಕಿ ಎಂಬ ಪಟ್ಟವೂ ಅವಳಿಗೆ ಸಿಕ್ಕಿತು. ಕಾರೋಲಾ ವಿನುಎಸಾ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಅವಳ ಜೀನುಗಳನ್ನು ಪರಿಶೀಲಿಸಿದಾಗ, ಹೃದಯದ ಬಡಿತವನ್ನು ಏಕಾಏಕಿ ಕೆಡಿಸಬಲ್ಲ ಸಿಎಎಲ್‌ಎಂ2 ಎಂಬ ಜೀನಿನ ವಿರಳ ಬದಲಾವಣೆ ಕಂಡುಬಂತು. ತೀರಿಕೊಂಡ ಇಬ್ಬರು ಹೆಣ್ಣುಮಕ್ಕಳಲ್ಲಿಯೂ ಅದು ಇತ್ತು. 2023ರ ಜೂನಿನಲ್ಲಿ ಅವಳಿಗೆ ಕ್ಷಮಾದಾನ ದೊರೆಯಿತು, ಅದೇ ಡಿಸೆಂಬರಿನಲ್ಲಿ ನ್ಯಾಯಾಲಯ ಶಿಕ್ಷೆಯನ್ನೇ ರದ್ದುಪಡಿಸಿತು. ಮಕ್ಕಳನ್ನು ಕಳೆದುಕೊಂಡ ತಾಯಿ, ಮಕ್ಕಳನ್ನು ಕೊಂದವಳೆಂಬ ಹೆಸರು ಹೊತ್ತು 20 ವರ್ಷ ಸೆರೆಮನೆಯಲ್ಲಿ ಕಳೆದಳು.

ನೆದರ್ಲೆಂಡ್ಸಿನ ನರ್ಸ್ ಲೂಸಿಯಾ ಡಿ ಬರ್ಕ್ ಕಥೆಯೂ ಇದೇ ಜಾಡಿನದು. ಇಷ್ಟು ಸಾವುಗಳ ವೇಳೆಗೆ ಅವಳೇ ಕೆಲಸದಲ್ಲಿರುವುದು ಕಾಕತಾಳೀಯವಾಗುವ ಸಂಭವ 34.2 ಕೋಟಿಯಲ್ಲಿ ಒಂದು ಎಂದು ಲೆಕ್ಕ ಕೊಟ್ಟರು. ಆ ಲೆಕ್ಕವೇ ತಪ್ಪೆಂದು ಸಂಖ್ಯಾಶಾಸ್ತ್ರಜ್ಞರು ಮುಂದೆ ತೋರಿಸಿಕೊಟ್ಟರು. ಅವಳ ವಿಷಯದಲ್ಲಿಯೂ ಡೈರಿ ಬಂತು. ಅದರಲ್ಲಿ ಅವಳು ಬರೆದಿದ್ದ ಗುಟ್ಟಿನ ಗೀಳು ಕೊಲೆಯದೆಂದು ಅರ್ಥ ಮಾಡಿದರು, ಅವಳು ಹೇಳಿದ್ದು ಟ್ಯಾರೋ ಎಲೆಗಳಿಂದ ಭವಿಷ್ಯ ನೋಡುವ ಅಭ್ಯಾಸದ ಮಾತೆಂದು. 2010ರಲ್ಲಿ ಅವಳು ನಿರ್ದೋಷಿ ಎಂದು ತೀರ್ಮಾನವಾಯಿತು. ಇಂಗ್ಲೆಂಡಿನ ನರ್ಸ್ ಲೂಸಿ ಲೆಟ್ಬಿಗೆ ಏಳು ಶಿಶುಗಳ ಕೊಲೆಗಾಗಿ 2023ರ ಆಗಸ್ಟಿನಲ್ಲಿ ಶಿಕ್ಷೆಯಾದಾಗ ಬಂದ ಕಾರ್ಯಕ್ರಮಗಳು ಅವಳ ಸಾಧಾರಣತೆಯನ್ನೇ, ನಗುಮುಖವನ್ನೇ, ಅಚ್ಚುಕಟ್ಟಾದ ಕೋಣೆಯನ್ನೇ ಭೀಕರವೆಂಬಂತೆ ತೋರಿಸಿದವು. 2025ರ ಫೆಬ್ರವರಿಯಲ್ಲಿ ಕೆನಡಾದ ನವಜಾತ ಶಿಶು ತಜ್ಞ ಶೂ ಲೀ ನೇತೃತ್ವದ 14 ತಜ್ಞರ ಅಂತರರಾಷ್ಟ್ರೀಯ ತಂಡ, ಕೊಲೆಗೆ ವೈದ್ಯಕೀಯ ಪುರಾವೆ ತಮಗೆ ಕಾಣಲಿಲ್ಲವೆಂದು ಹೇಳಿತು; ತೀರ್ಪಿನ ಮರುಪರಿಶೀಲನೆಗೆ ಅರ್ಜಿಯೂ ಸಲ್ಲಿಕೆಯಾಯಿತು. ಆ ಪ್ರಕರಣದ ನಿಜವನ್ನು ಇಲ್ಲಿ ಕುಳಿತು ನಾನು ನಿರ್ಧರಿಸಲಾರೆ. ಅದೇ ಫೋಟೋ, ಅದೇ ನಗು ಒಂದು ಚಿತ್ರದಲ್ಲಿ ಕ್ರೌರ್ಯದ ಮುಖವಾಡವಾಗಿ, ಇನ್ನೊಂದರಲ್ಲಿ ಮುಗ್ಧತೆಯ ಗುರುತಾಗಿ ಬಳಕೆಯಾಗುತ್ತಿದೆ. ಎರಡೂ ಸಾಕ್ಷ್ಯವಲ್ಲ.

ನಮ್ಮ ದೇಶದ ಚಿತ್ರಗಳಿಗೆ ಸಂಬಂಧಿಸಿದ ಕಾನೂನಿನ ಒಂದು ಮಾತನ್ನು ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ. ಹಳೆಯ ಸಾಕ್ಷ್ಯ ಅಧಿನಿಯಮದ 25ನೇ ಕಲಮು ಇದನ್ನು ಹೇಳುತ್ತಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಮು ಇದನ್ನೇ ಹೇಳುತ್ತದೆ. ಆ ಹೇಳಿಕೆಯಿಂದ ಹೊಸದಾಗಿ ಪತ್ತೆಯಾದ ವಸ್ತುವಿಗೆ ಸಂಬಂಧಿಸಿದಷ್ಟು ಭಾಗಕ್ಕೆ ಮಾತ್ರ ವಿನಾಯಿತಿ. ಒಪ್ಪಿಗೆಯಿಲ್ಲದ ಮಂಪರು ಪರೀಕ್ಷೆ ಕೂಡದೆಂದು ಸುಪ್ರೀಂ ಕೋರ್ಟು 2010ರಲ್ಲಿ ತೀರ್ಪಿತ್ತದ್ದು ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ. ಆದರೆ ನಿರೂಪಣೆಗಳಲ್ಲಿ 'ಅವಳೇ ಒಪ್ಪಿಕೊಂಡಳು' ಎಂಬ ವಾಕ್ಯ ಕೊನೆಯ ಮೊಳೆಯಂತೆ ಬರುತ್ತದೆ. ಯಾರ ಮುಂದೆ ಒಪ್ಪಿಕೊಂಡಳು ಎಂಬುದನ್ನು ಯಾರೂ ಕೇಳುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಅನುಭವ ಕಾರಣ. ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅದರಡಿ ನನ್ನ ಪಾಲಿಗೆ ಬಂದ ಪ್ರಕರಣ ಅದು. ಬೆಳೆಗೆ ಹೊಡೆಯುವ ಔಷಧಿಯನ್ನು ಗಂಡನ ಊಟಕ್ಕೆ ಬೆರೆಸಿದಳೆಂದು, ಹಿಂದೆ ಸತ್ತ ಮೈದುನನಿಗೂ ಅವಳೇ ಹಾಕಿರಬೇಕೆಂದು ಊರು ಮಾತಾಡಿತು. ಬಂಧನವಾದ ವಾರದಲ್ಲಿಯೇ ಅರ್ಧ ಗಂಟೆಯ ಕಾರ್ಯಕ್ರಮವೊಂದು ಪ್ರಸಾರವಾಯಿತು. ಅದರಲ್ಲಿ ಬೇರೊಬ್ಬ ಹೆಂಗಸು ಅವಳ ಸೀರೆಯ ಬಣ್ಣದ್ದೇ ಸೀರೆ ಉಟ್ಟು ಅನ್ನ ಕಲಸುತ್ತಿದ್ದಳು. ಸಾಕ್ಷಿ ಹೇಳಲು ಬಂದ ನೆರೆಯವನೊಬ್ಬ ನನ್ನ ಪಾಟೀಸವಾಲಿನಲ್ಲಿ ವರ್ಣಿಸಿದ್ದು ತಾನು ಮನೆಯಲ್ಲಿ ಕಂಡದ್ದನ್ನಲ್ಲ, ಆ ಟಿವಿ ದೃಶ್ಯವನ್ನು. ಅವನು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣಾರೆ ಕಂಡದ್ದೆಂದೇ ನಂಬಿದ್ದ. ಅವಳ ಬಿಡುಗಡೆಯಾಯಿತು. ಆ ಹೊತ್ತಿಗೆ ಮಗಳು ಅವಳ ಕೈಯಿಂದ ನೀರು ಕುಡಿಯಲು ಹಿಂಜರಿಯುತ್ತಿದ್ದಳು ಎಂದು ಆಮೇಲೆ ಅವಳೇ ನನಗೆ ಹೇಳಿದಳು.

ನಿಮ್ಮ ತರಗತಿಗೆ ಕೂಡತ್ತಾಯಿ ಬೇಡ ಎಂಬುದು ನನ್ನ ಸಲಹೆ. ಇಷ್ಟು ಹತ್ತಿರದ, ಅದೂ ನ್ಯಾಯಾಲಯದ ತೂಗುವ ಕೆಲಸಕ್ಕೆ ಮೊದಲೇ ಚಿತ್ರವಾದ ಪ್ರಕರಣದಲ್ಲಿ ವಿದ್ಯಾರ್ಥಿಗಳು ಪಕ್ಷ ಹಿಡಿಯುತ್ತಾರೆ, ಪರಿಶೀಲಿಸುವುದಿಲ್ಲ. ಫೋಲ್ಬಿಗ್ ಪ್ರಕರಣ ತೆಗೆದುಕೊಳ್ಳಿ, ಎರಡು ದಿನ ಮೀಸಲಿಡಿ. ಮೊದಲ ದಿನ 2003ರ ನ್ಯಾಯಾಲಯದ ಮುಂದೆ ಇದ್ದಷ್ಟನ್ನು ಮಾತ್ರ ಹೇಳಿ: ನಾಲ್ಕು ಸಾವು, ಗಂಡನ ಹೇಳಿಕೆ, ಡೈರಿಯ ಸಾಲುಗಳು. ಪ್ರತಿಯೊಬ್ಬರೂ ಚೀಟಿಯಲ್ಲಿ ತಮ್ಮ ತೀರ್ಪನ್ನೂ, ಅದಕ್ಕೆ ಕಾರಣವಾದ ಒಂದೇ ಒಂದು ಸಂಗತಿಯನ್ನೂ ಬರೆದು ಹೆಸರು ಹಾಕಿ ಕೊಡಲಿ. ಎರಡನೆಯ ದಿನ ಜೀನಿನ ವರದಿಯನ್ನು ವಿವರಿಸಿ, ಆ ಚೀಟಿಗಳನ್ನು ಬರೆದವರ ಕೈಗೇ ಹಿಂತಿರುಗಿಸಿ, ನೀವೇನೂ ಹೇಳದೆ ಅವರು ಓದಿಕೊಳ್ಳಲು ಸಮಯ ಕೊಡಿ. ಮೊದಲ ದಿನದ ವಿವರವನ್ನು ರಾತ್ರಿ ಮನೆಯಲ್ಲಿ ಅತ್ತೆಯವರಿಗೂ ಹೇಳಿ, ಅವರಿಂದಲೂ ಒಂದು ಚೀಟಿ ಬರೆಸಿಕೊಳ್ಳಿ.